ನಾಲ್ಕು ವಾರ್, ಒಂದೇ ಲಿಬ್: ದಪ್ಪ ಇಯರ್ ಕರಗಿಸಿದ ನನ್ನ ಅನುಭವ

ಜಾವಾದಲ್ಲಿ ವಾರ್ (WAR) ಎಂದರೆ ಒಂದು ವೆಬ್ ಅಪ್ಲಿಕೇಶನ್‌ನ ಕಟ್ಟು, ಇಯರ್ (EAR) ಎಂದರೆ ಅಂಥ ಹಲವು ಕಟ್ಟುಗಳನ್ನು ಒಟ್ಟಿಗೆ ಹಿಡಿದ ದೊಡ್ಡ ಕಟ್ಟು. ವಾರ್‌ಗಳೊಳಗಿನ ಒಂದೇ ಬಗೆಯ ಲೈಬ್ರರಿಗಳನ್ನು (ಜಾರ್‌ಗಳನ್ನು) ತೆಗೆದು ಇಯರ್‌ನ ಒಂದೇ ಲಿಬ್ ಫೋಲ್ಡರ್‌ಗೆ ಹಾಕುವುದೇ ಸ್ಕಿನ್ನಿ ವಾರ್. ಅದನ್ನು ಮಾಡುತ್ತೇನೆ ಎಂದಾಗ ನಮ್ಮ ಆರ್ಕಿಟೆಕ್ಟ್ ನಕ್ಕುಬಿಟ್ಟರು. "ನೋಡಪ್ಪ, ಇದನ್ನ ನಾನು ಎರಡು ಸಲ ಮಾಡಿ ಕೈ ಸುಟ್ಕೊಂಡಿದ್ದೀನಿ. ನಾಲ್ಕು ವಾರ್‌ಗೂ ನಾಲ್ಕು ಸರ್ವರ್ ಕೊಟ್ಬಿಡೋಣ, ಗಲಾಟೆನೇ ಬೇಡ." ಅವರ ಮಾತಲ್ಲಿ ತಪ್ಪಿರಲಿಲ್ಲ. ಆದರೆ ನಮ್ಮ ಸಪೋರ್ಟ್ ಒಪ್ಪಂದ ಇದ್ದದ್ದು ಪ್ರೊಸೆಸರ್ ಕೋರ್ ಲೆಕ್ಕದಲ್ಲಿ. ನಾಲ್ಕು ಸರ್ವರ್ ಎಂದರೆ ಸ್ಟ್ಯಾಂಡ್‌ಬೈ ಸೇರಿ ಕೋರ್‌ಗಳು ಹೆಚ್ಚುಕಡಿಮೆ ಒಂದೂವರೆ ಪಟ್ಟು ಆಗುತ್ತಿದ್ದವು. ಅದೂ ಒಂದು ವರ್ಷದ ಖರ್ಚಲ್ಲ, ವರ್ಷಾವರ್ಷ ಕಟ್ಟಬೇಕಾದ್ದು.

ಸಮಸ್ಯೆ ನಿಮಗೂ ಪರಿಚಿತವೇ ಇರಬೇಕು. ವೈಲ್ಡ್‌ಫ್ಲೈ ಎಂಬ ಜಾವಾ ಸರ್ವರ್ ಮೇಲೆ ಒಂದು ಇಯರ್, ಒಳಗೆ ನಾಲ್ಕು ವಾರ್, ಎರಡು ಇಜೆಬಿ (ವ್ಯವಹಾರದ ಲಾಜಿಕ್ ಇರುವ) ಜಾರ್. ಒಟ್ಟು 210 ಎಂಬಿ ಆಸುಪಾಸು. ಪ್ರತಿ ವಾರ್‌ನ ಹೊಟ್ಟೆಯಲ್ಲೂ ಅವೇ 40 ಚಿಲ್ಲರೆ ಎಂಬಿ ಜಾರ್‌ಗಳು. ಡಿಪ್ಲಾಯ್ (ಸರ್ವರ್‌ಗೆ ಹಾಕಿ ಎಬ್ಬಿಸುವುದು) ಒಂದು ದಿನ 280 ಸೆಕೆಂಡಿಗೆ ಮುಗಿದರೆ ಮರುದಿನ 310. ಇಂಥ ಮ್ಯಾನೇಜ್‌ಮೆಂಟ್ ಕಾರ್ಯಾಚರಣೆಗೆ ಸರ್ವರ್‌ನ ಡೀಫಾಲ್ಟ್ ಗಡುವು 300 ಸೆಕೆಂಡು. ದಾಟಿದ ದಿನ ಸರ್ವರ್ ಎಲ್ಲವನ್ನೂ ರೋಲ್‌ಬ್ಯಾಕ್ ಮಾಡಿ ಕೈ ತೊಳೆದುಕೊಳ್ಳುತ್ತಿತ್ತು. ಈ ಗಡುವನ್ನು ಹೇಳುವ ಬ್ಲಾಕಿಂಗ್ ಟೈಮ್‌ಔಟ್ ಪ್ರಾಪರ್ಟಿಯನ್ನು 600ಕ್ಕೆ ಏರಿಸಿ ಆರು ತಿಂಗಳು ದೂಡಿದ್ದೆವು. ಜ್ವರ ಇಳಿಸಲು ಥರ್ಮಾಮೀಟರ್ ಬದಲಿಸಿದ ಹಾಗೆ.

ಮೊದಲು ದುಡ್ಡು ಕಳೆದದ್ದು ಹೇಳಿಬಿಡುತ್ತೇನೆ. ಹೊರಗಿನ ಒಬ್ಬ ಕನ್ಸಲ್ಟೆಂಟ್ ಮೂರು ದಿನ ಕೂತು, ಇಯರ್ ಸಬ್‌ಡಿಪ್ಲಾಯ್‌ಮೆಂಟ್ ಐಸೊಲೇಷನ್ (ಇಯರ್ ಒಳಗಿನ ಭಾಗಗಳು ಒಂದಕ್ಕೊಂದು ಕಾಣದಂತೆ ಮಾಡುವುದು) ಆನ್ ಮಾಡಿ ಎಂದು ಸಲಹೆ ಕೊಟ್ಟು ಹೋದರು. ಆನ್ ಮಾಡಿದೆವು. ವಾರ್‌ಗಳಿಗೆ ಇಜೆಬಿ ಜಾರ್ ಕಾಣದೆ ಹೋಗಿ ಲಾಗ್ ತುಂಬ ನೋ ಕ್ಲಾಸ್ ಡೆಫ್ ಫೌಂಡ್ (ಬೇಕಾದ ಕ್ಲಾಸ್ ಸಿಗಲಿಲ್ಲ ಎಂಬ ದೋಷ). ಅವರ ಮೂರು ದಿನದ ಶುಲ್ಕ ನೀರಲ್ಲಿ ಹೋಮ.

ಆಮೇಲೆ ನಾನೇ ಕೂತೆ. ಮೇವನ್ ಎಂಬ ಬಿಲ್ಡ್ ಉಪಕರಣದ ಇಯರ್ ಪ್ಲಗಿನ್‌ನಲ್ಲಿ ಸ್ಕಿನ್ನಿವಾರ್ಸ್ ಟ್ರೂ ಎಂದು ಬರೆದು, ವಾರ್‌ಗಳನ್ನು ಡಿಪೆಂಡೆನ್ಸಿಯಲ್ಲಿ ಎರಡೆರಡು ಸಲ ಹಾಕಿದೆ: ಒಮ್ಮೆ ಟೈಪ್ ವಾರ್, ಇನ್ನೊಮ್ಮೆ ಟೈಪ್ ಪಾಮ್ (ಅದರ ಲೈಬ್ರರಿಗಳ ಪಟ್ಟಿ ಇರುವ ಫೈಲ್). ಎರಡನೆಯದು ಇಲ್ಲದಿದ್ದರೆ ವಾರ್‌ನ ಜಾರ್‌ಗಳು ಇಯರ್‌ನ ಲಿಬ್‌ಗೆ ಬರುವುದಿಲ್ಲ ಎಂಬುದು ಗೊತ್ತಿರುವವರಿಗೆ ಗೊತ್ತು. ಬಿಲ್ಡ್ ಆಯಿತು, ಡಿಪ್ಲಾಯ್ ಕೂಡ ಆಯಿತು, ಆದರೆ ಲಾಗಿನ್ ಪುಟ ಬರಲಿಲ್ಲ. ಯಾರು ಬೇಕಾದರೂ ನೇರ ಒಳಗೆ ಹೋಗಬಹುದಾಗಿತ್ತು! ಟೆಸ್ಟ್ ಸರ್ವರ್ ಆದ್ದರಿಂದ ಬಚಾವ್.

ಕಾರಣ ಹುಡುಕಲು ಒಂದೂವರೆ ದಿನ ಹಿಡಿಯಿತು. ಲಾಗಿನ್ ಕೇಳುವ ಫಿಲ್ಟರ್ ಒಂದು ಜಾರ್‌ನ ವೆಬ್ ಫ್ರಾಗ್ಮೆಂಟ್‌ನಲ್ಲಿ (ವೆಬ್ ಸೆಟ್ಟಿಂಗ್ಸ್‌ನ ತುಣುಕು ಫೈಲ್) ಇತ್ತು. ಜಾವಾ ವೆಬ್‌ನ ಸರ್ವ್‌ಲೆಟ್ ನಿಯಮದ ಪ್ರಕಾರ ಫ್ರಾಗ್ಮೆಂಟ್‌ಗಳನ್ನು ನೋಡುವುದು ವಾರ್‌ನೊಳಗಿನ ವೆಬ್-ಇನ್ಫ್ ಲಿಬ್‌ನಲ್ಲಿ ಮಾತ್ರ. ಜಾರ್ ಮೇಲಿನ, ಅಂದರೆ ಇಯರ್‌ನ, ಲಿಬ್‌ಗೆ ಹೋದ ಕ್ಷಣ ಫಿಲ್ಟರ್ ಮಾಯ, ಒಂದು ಎಚ್ಚರಿಕೆಯ ಸಾಲೂ ಇಲ್ಲ. ಆ ಜಾರನ್ನು ವಾರ್‌ಗೆ ವಾಪಸ್ ಹಾಕಿದೆ, ಮೇಲಿನದನ್ನು ತೆಗೆಯಲು ಮರೆತೆ. ಈ ಸಲ ಕ್ಲಾಸ್ ಕ್ಯಾಸ್ಟ್ ಎಕ್ಸೆಪ್ಶನ್: ಯೂಸರ್ ಸೆಷನ್ ಕ್ಲಾಸನ್ನು ಅದೇ ಯೂಸರ್ ಸೆಷನ್ ಕ್ಲಾಸ್ ಆಗಿಸಲು ಆಗುವುದಿಲ್ಲವಂತೆ. ಕ್ಲಾಸ್‌ಗಳನ್ನು ಮೆಮೊರಿಗೆ ತರುವ ಎರಡು ಲೋಡರ್, ಎರಡು ಪ್ರತಿ, ಹೆಸರು ಮಾತ್ರ ಒಂದೇ.

ಕೊನೆಗೆ ಸ್ಕಿನ್ನಿವಾರ್ಸ್ ಬಿಟ್ಟು, ವಾರ್ ಪ್ಲಗಿನ್‌ನ ಪ್ಯಾಕೇಜಿಂಗ್ ಎಕ್ಸ್‌ಕ್ಲೂಡ್ಸ್‌ನಲ್ಲಿ ರೆಜೆಕ್ಸ್ (ಹೆಸರು ಹೊಂದಿಸುವ ಮಾದರಿ) ಬರೆದು ಕೈಯಾರೆ ವಿಂಗಡಿಸಿದೆ. ಯಾವ ಜಾರ್ ಮೇಲೆ, ಯಾವುದು ಕೆಳಗೆ ಎಂದು ಹೇಳುವ ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ನನ್ನ ಬಳಿ ಇದೆ. ಅದನ್ನು ಇಲ್ಲಿ ಹಾಕುವುದಿಲ್ಲ, ಕ್ಷಮಿಸಿ. ವೆಬ್ ಫ್ರಾಗ್ಮೆಂಟ್ ಒಂದನ್ನೇ ಹುಡುಕಿದರೆ ಸಾಲದು ಎಂದಷ್ಟೇ ಹೇಳಬಲ್ಲೆ.

ನಿದ್ದೆ ಕೆಡಿಸಿದ್ದು ಮಾತ್ರ ಇದ್ಯಾವುದೂ ಅಲ್ಲ. ಮೂರನೇ ವಾರ ಟೆಸ್ಟಿಂಗ್‌ನ ಹುಡುಗಿ ಬಂದು, "ಸರ್, ಗ್ರಾಹಕರ ಪೋರ್ಟಲ್ ಓಪನ್ ಮಾಡಿದ್ರೆ ಮೇಲೆ ಅಡ್ಮಿನ್ ಕನ್ಸೋಲ್ ಅಂತ ಬರ್ತಿದೆ" ಎಂದಳು. ಹೋಗಿ ನೋಡಿದೆ, ಸರಿಯಾಗಿತ್ತು. ರೀಸ್ಟಾರ್ಟ್ ಮಾಡಿದ ಮೇಲೆ ಅವಳ ಪರದೆಯಲ್ಲಿ ಅಡ್ಮಿನ್ ಪುಟಕ್ಕೆ ಪೋರ್ಟಲ್‌ನ ಹೆಸರು. ದೆವ್ವ ಹೊಕ್ಕಿದೆ ಎಂದೇ ಅನ್ನಿಸಿತು.

ನಮ್ಮದೇ ಹಳೆಯ ಕಾಮನ್ ಜಾರ್‌ನಲ್ಲಿ ಸೆಟ್ಟಿಂಗ್ಸ್ ಇಡುವ ಒಂದು ಸ್ಟ್ಯಾಟಿಕ್ ಮ್ಯಾಪ್ (ಕ್ಲಾಸಿನ ಪ್ರತಿಯೊಂದಕ್ಕೆ ಒಂದೇ ಇರುವ ಪಟ್ಟಿ) ಇತ್ತು. ಪ್ರತಿ ವಾರ್ ಏಳುವಾಗ ತನ್ನ ಶೀರ್ಷಿಕೆ, ಭಾಷೆ, ಥೀಮ್‌ಗಳನ್ನು ಅದರಲ್ಲಿ ತುಂಬುತ್ತಿತ್ತು. ಮೊದಲು ಪ್ರತಿ ವಾರ್‌ಗೂ ತನ್ನದೇ ಪ್ರತಿ ಇದ್ದದ್ದರಿಂದ ಯಾರಿಗೂ ತೊಂದರೆ ಇರಲಿಲ್ಲ. ಈಗ ನಾಲ್ವರಿಗೂ ಒಂದೇ ಮ್ಯಾಪ್, ಕೊನೆಗೆ ಎದ್ದವನದ್ದೇ ರಾಜ್ಯ. ವೈಲ್ಡ್‌ಫ್ಲೈ ವಾರ್‌ಗಳನ್ನು ಏಕಕಾಲಕ್ಕೆ ಎಬ್ಬಿಸುವುದರಿಂದ ಕೊನೆಯವನು ಯಾರು ಎಂಬುದು ಪ್ರತಿ ಸಲ ಬೇರೆ. ಅಪ್ಲಿಕೇಶನ್ ಎಕ್ಸ್‌ಎಂಎಲ್‌ನಲ್ಲಿ ಇನಿಶಿಯಲೈಸ್ ಇನ್ ಆರ್ಡರ್ (ಒಂದಾದ ಮೇಲೊಂದರಂತೆ ಕ್ರಮವಾಗಿ ಎಬ್ಬಿಸು ಎಂಬ ಸೂಚನೆ) ಹಾಕಿ ನೋಡಿದೆ. ಫಲ: ಮೊದಲು ಆಗಾಗ ತಪ್ಪುತ್ತಿದ್ದದ್ದು ಈಗ ಶಿಸ್ತಾಗಿ ಪ್ರತಿ ಸಲವೂ ತಪ್ಪಾಯಿತು. ಕಡೆಗೆ ಜಾರನ್ನೇ ಎರಡಾಗಿ ಸೀಳಿದೆ. ಇಜೆಬಿ ಜೊತೆ ಕೊಡುಕೊಳ್ಳುವ ಕ್ಲಾಸ್‌ಗಳು ಮೇಲೆ, ಸ್ಟ್ಯಾಟಿಕ್ ಮ್ಯಾಪ್ ಪ್ರತಿ ವಾರ್‌ನ ಒಳಗೆ. ಕೆಲಸ ನಾಲ್ಕು ಗಂಟೆಯದು, ಅಲ್ಲಿಗೆ ತಲುಪಲು ಎಂಟು ದಿನ. ಆರ್ಕಿಟೆಕ್ಟ್ ಎರಡು ಸಲ ಕೈ ಸುಟ್ಟುಕೊಂಡದ್ದೂ ಇಲ್ಲೇ ಎಂದು ಆಮೇಲೆ ಒಪ್ಪಿಕೊಂಡರು. ಅವರು ಆಗ ಬೇರುಮಟ್ಟಕ್ಕೆ ಹೋಗಿರಲಿಲ್ಲ, ನಾನು ಹೋದೆ.

ನಡುವೆ ಒಂದು ಅಡ್ಡದಾರಿ ಹಿಡಿದಿದ್ದೆ. ಇಯರ್ ಒಂದೇ ಫೈಲ್ ಆದ್ದರಿಂದ ಒಂದು ಸಾಲು ಬದಲಾದರೂ ಕಂಟೇನರ್ ಇಮೇಜ್‌ನ (ಸರ್ವರ್ ಸಮೇತ ಪದರ ಪದರವಾಗಿ ಕಟ್ಟಿಟ್ಟ ಪ್ಯಾಕೇಜ್‌ನ) ಇಡೀ ಲೇಯರ್ ಹೊಸದಾಗುತ್ತದೆ. ಹಾಗಾಗಿ ಇಯರ್ ಬಿಚ್ಚಿ, ಅದೇ ಹೆಸರಿನ ಫೋಲ್ಡರ್ ಆಗಿ ಡಿಪ್ಲಾಯ್‌ಮೆಂಟ್ಸ್ ಒಳಗಿಟ್ಟು, ಪಕ್ಕದಲ್ಲಿ ಡುಡಿಪ್ಲಾಯ್ ಮಾರ್ಕರ್ (ಡಿಪ್ಲಾಯ್ ಮಾಡು ಎಂದು ಸರ್ವರ್‌ಗೆ ಹೇಳುವ ಗುರುತಿನ ಫೈಲ್) ಹಾಕಿದೆ. ಲಿಬ್ ಒಂದು ಲೇಯರ್, ನಮ್ಮ ಕೋಡ್ ಇನ್ನೊಂದು. ದಿನನಿತ್ಯ ತಳ್ಳಬೇಕಾದದ್ದು ಹತ್ತು ಎಂಬಿ ಒಳಗೆ ಬಂತು. ಚೆನ್ನಾಗಿಯೇ ಓಡಿತು. ಆದರೆ ನಮ್ಮ ಪ್ರೊಡಕ್ಷನ್‌ಗೆ ಕಂಟೇನರ್ ಇನ್ನೂ ಬಂದಿಲ್ಲ, ಹಾಗಾಗಿ ಅದು ನನ್ನ ಲ್ಯಾಪ್‌ಟಾಪ್‌ನಲ್ಲೇ ಇದೆ.

ಈಗಿನ ಲೆಕ್ಕ, ನೆನಪಿನಿಂದ: ಇಯರ್ 95 ಎಂಬಿ ಹತ್ತಿರ. ಡಿಪ್ಲಾಯ್ ನೂರರಿಂದ ನೂರಿಪ್ಪತ್ತು ಸೆಕೆಂಡು. ಮೆಟಾಸ್ಪೇಸ್ (ಕ್ಲಾಸ್‌ಗಳ ವಿವರ ಇಡುವ ಮೆಮೊರಿ) ಅರ್ಧಕ್ಕಿಂತ ಕಡಿಮೆ. ಟೈಮ್‌ಔಟ್ ಮತ್ತೆ 300ಕ್ಕೇ ತಂದಿದ್ದೇನೆ, ಬೇಕೆಂದೇ. ಡೇಟಾಸೋರ್ಸ್ (ಡೇಟಾಬೇಸ್ ಸಂಪರ್ಕದ ವಿವರ), ಯುಆರ್‌ಎಲ್, ಪಾಸ್‌ವರ್ಡ್ ಎಲ್ಲ ಸರ್ವರ್ ಕಡೆ ಹೋದವು. ಟೆಸ್ಟ್‌ನಲ್ಲಿ ಓಡಿದ ಫೈಲೇ, ಹ್ಯಾಶ್ (ಫೈಲಿನ ಬೆರಳಚ್ಚು) ಹೋಲಿಸಿ, ಪ್ರೊಡಕ್ಷನ್‌ಗೆ ಹೋಗುತ್ತದೆ. ಹೊಸ ಯಂತ್ರಗಳಿಗೆಂದು ತೆಗೆದಿಟ್ಟಿದ್ದ ಹಣ ಖರ್ಚಾಗಲಿಲ್ಲ. ಅದರಲ್ಲಿ ಸ್ವಲ್ಪವನ್ನು ಟೆಸ್ಟ್ ಸರ್ವರ್‌ನ ಮೆಮೊರಿಗೆ ಹಾಕಿಸಿಕೊಂಡೆ, ಉಳಿದದ್ದು ಯಾವ ವಿಭಾಗಕ್ಕೆ ಹೋಯಿತೋ ನನಗೆ ಯಾರೂ ಹೇಳಲಿಲ್ಲ.

95 ಏಕೆ, ಇನ್ನೂ ಕಡಿಮೆ ಆಗಬೇಕಿತ್ತಲ್ಲ ಎಂದು ನೀವು ಕೇಳಬಹುದು. ನಾಲ್ಕನೆಯದು ರಿಪೋರ್ಟ್ ವಾರ್. ಅದರೊಳಗೆ ಪಿಡಿಎಫ್ ಲೈಬ್ರರಿಯ ಹಳೆಯ ಆವೃತ್ತಿ, ಮಿಕ್ಕ ಮೂರಕ್ಕೆ ಹೊಸದು. ಆ ಹಳೆಯದನ್ನು ಆ ವಾರ್‌ನ ಒಳಗೇ ಬಿಟ್ಟಿದ್ದೇನೆ. ತಿಂಗಳ ಕೊನೆಯ ರಿಪೋರ್ಟ್ ಸರಿಯಾಗಿ ಬರುತ್ತಿರುವವರೆಗೆ ಅದರ ಹತ್ತಿರ ಸುಳಿಯುವುದಿಲ್ಲ.