ಗೇಮ್ ಜಾಮ್‌ನಲ್ಲಿ ಹೇಳುವುದು, ಕೇಳುವುದು: ಕೊಪ್ಪಳದ ನಮ್ಮ ಗುಂಪಿನ ಅನುಭವ

ಎರಡು ಮೂರು ದಿನಗಳಲ್ಲಿ ಕಟ್ಟಿದ ಆಟಕ್ಕೆ ಬರುವ ಪ್ರತಿಕ್ರಿಯೆಗಳಲ್ಲಿ ಹೆಚ್ಚಿನವು ತೀರ್ಪಿನ ರೂಪದಲ್ಲಿರುತ್ತವೆ, ಇಲ್ಲವೇ ಸಲಹೆಯ ರೂಪದಲ್ಲಿರುತ್ತವೆ. ಆಟ ಮಾಡಿದವರಿಗೆ ಬೇಕಾಗಿರುವುದು ಆಡಿದವರಿಗೆ ಪರದೆಯ ಮುಂದೆ ಏನೇನಾಯಿತು ಎಂಬ ವರದಿ. ಕೊಪ್ಪಳದಲ್ಲಿದ್ದುಕೊಂಡು ಬಳ್ಳಾರಿ, ಗಂಗಾವತಿ, ರಾಯಚೂರಿನ ಗೆಳೆಯರ ಜೊತೆ ಕೆಲವು ವರ್ಷಗಳಿಂದ ಗೇಮ್ ಜಾಮ್‌ಗಳಲ್ಲಿ ಪಾಲ್ಗೊಳ್ಳುತ್ತಿರುವ ನಾನು, ಅಂಥ ವರದಿಯನ್ನು ಬರೆಯಲು ಮತ್ತು ಬೇರೆಯವರಿಂದ ಪಡೆಯಲು ಯಾವ ಕ್ರಮಗಳನ್ನು ರೂಢಿಸಿಕೊಂಡೆ ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಗೇಮ್ ಜಾಮ್ ಪರಿಚಯವಿಲ್ಲದವರಿಗಾಗಿ ಒಂದೆರಡು ಮಾತು. ಶುರುವಾಗುವ ಹೊತ್ತಿಗೆ ಪ್ರಕಟವಾಗುವ ಒಂದು ವಿಷಯವನ್ನು ಹಿಡಿದು, ನಿಗದಿತ ಗಂಟೆಗಳೊಳಗೆ ಒಂದು ಆಟವನ್ನು ಕಟ್ಟಿ ಮುಗಿಸುವ ಕೂಟವಿದು. 2002ರಲ್ಲಿ ಆರಂಭವಾದ ಲೂಡಮ್ ಡಾರೆ ಎಂಬ ಆನ್‌ಲೈನ್ ಜಾಮ್‌ನಲ್ಲಿ ಒಬ್ಬರೇ ಮಾಡುವವರಿಗೆ 48 ಗಂಟೆ, ಗುಂಪಾಗಿ ಮಾಡುವವರಿಗೆ 72 ಗಂಟೆ ದೊರೆಯುತ್ತಿತ್ತು. ಆಮೇಲೆ ಸುಮಾರು ಮೂರು ವಾರಗಳ ಕಾಲ ಪಾಲ್ಗೊಂಡವರೇ ಒಬ್ಬರ ಆಟವನ್ನು ಇನ್ನೊಬ್ಬರು ಆಡಿ ಅಂಕ ಕೊಡುತ್ತಿದ್ದರು. ಕನಿಷ್ಠ 20 ಮಂದಿಯ ಅಂಕ ಬೀಳದ ಆಟಕ್ಕೆ ಶ್ರೇಯಾಂಕವೇ ಇರುತ್ತಿರಲಿಲ್ಲ. 2013ರಲ್ಲಿ ಆರಂಭವಾದ ಇಚ್.ಐಒ ತಾಣದ ಜಾಮ್‌ಗಳಲ್ಲಿ ಲೆಕ್ಕ ಬೇರೆ: ಎಲ್ಲ ಆಟಗಳಿಗೆ ಬಿದ್ದ ಮತಗಳ ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆಯನ್ನು ತೆಗೆದು, ಅದಕ್ಕಿಂತ ಕಡಿಮೆ ಮತ ಪಡೆದ ಆಟದ ಮತಗಳನ್ನು ಆ ನಡುವಿನ ಸಂಖ್ಯೆಯಿಂದ ಭಾಗಿಸಿ, ಬಂದ ಅನುಪಾತದ ವರ್ಗಮೂಲದಿಂದ ಆಟದ ಸರಾಸರಿ ಅಂಕವನ್ನು ಗುಣಿಸಿ ಇಳಿಸುತ್ತಾರೆ. ನಡುವಿನ ಸಂಖ್ಯೆ 16 ಇದ್ದು ನಿಮ್ಮ ಆಟಕ್ಕೆ 4 ಮತಗಳಷ್ಟೇ ಬಿದ್ದಿದ್ದರೆ ನಿಮ್ಮ ಅಂಕ ಅರ್ಧಕ್ಕೆ ಇಳಿಯುತ್ತದೆ. ಹೀಗಾಗಿ ಎಲ್ಲರಿಗೂ ಮತ ಬೇಕು, ಮತ ಬೇಕಾದವರು ಇತರರ ಆಟಗಳ ಬಳಿಗೆ ಹೋಗಿ ಎರಡು ಒಳ್ಳೆಯ ಮಾತು ಬರೆದು ಬರುತ್ತಾರೆ. ಮದುವೆ ಮನೆಯಲ್ಲಿ ಮುಯ್ಯಿ ಬರೆಸಿದಂತೆ, ಬರೆದವರ ಹೆಸರು ನೆನಪಿನಲ್ಲಿ ಉಳಿಯುತ್ತದೆಯೇ ಹೊರತು ಬರೆದ ಮಾತಿನಿಂದ ಆಟಕ್ಕೆ ಏನೂ ಆಗುವುದಿಲ್ಲ. ನಾನು ಇದನ್ನು ದೂರುತ್ತಿಲ್ಲ. ಮೂರು ರಾತ್ರಿ ನಿದ್ದೆಗೆಟ್ಟವರಿಗೆ ಒಂದು ಒಳ್ಳೆಯ ಮಾತು ಸಲ್ಲಲೇಬೇಕು. ಆದರೆ ಅದಷ್ಟೇ ಸಾಲದು.

ಬೇರೆಯವರ ಆಟ ಆಡುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳುತ್ತೇನೆ. ಆಟದ ವಿವರಣೆಯನ್ನು ಮೊದಲು ಓದುವುದಿಲ್ಲ, ಏಕೆಂದರೆ ಆಟ ತಾನಾಗಿಯೇ ಎಷ್ಟನ್ನು ತಿಳಿಸುತ್ತದೆ ಎಂಬುದು ಓದಿದ ಮೇಲೆ ಗೊತ್ತಾಗುವುದಿಲ್ಲ. ಎಲ್ಲಿ ತಡೆದೆ, ಯಾವ ಗುಂಡಿ ಏನು ಮಾಡುತ್ತದೆಂದು ಭಾವಿಸಿದ್ದೆ, ಅದು ನಿಜವಾಗಿ ಏನು ಮಾಡಿತು, ಎಲ್ಲಿ ನಕ್ಕೆ, ಎಲ್ಲಿ ಆಟವನ್ನು ಮುಚ್ಚಿದೆ ಎಂಬುದನ್ನು ಆಗಿಂದಾಗಲೇ ಗುರುತು ಹಾಕುತ್ತೇನೆ. ಬರೆಯುವಾಗ ಮೊದಲು ಆದದ್ದನ್ನು, ಆಮೇಲೆ ಅನಿಸಿದ್ದನ್ನು ಹೇಳುತ್ತೇನೆ. ಹೀಗೆ ಮಾಡಬಹುದಿತ್ತು ಎಂಬ ಸಲಹೆಯನ್ನು ಕೇಳಿದರೆ ಮಾತ್ರ ಕೊಡುತ್ತೇನೆ. ಆಟದ ಒಳಗಿನ ಕೋಡ್, ಉಳಿದ ಸಮಯ, ಕೈಬಿಟ್ಟ ಯೋಜನೆಗಳು ಮಾಡಿದವರಿಗೆ ಗೊತ್ತು, ನನಗೆ ಗೊತ್ತಿಲ್ಲ. ಆದ್ದರಿಂದ ನನ್ನ ಪರಿಹಾರ ಬಹುತೇಕ ಅವರ ಮನೆಯ ಅಳತೆಗೆ ಹೊಂದುವುದಿಲ್ಲ.

ಒಂದು ಉದಾಹರಣೆ ಕೊಡಬಹುದು. ಜಿಗಿಯುತ್ತ ಸಾಗುವ ಆಟಗಳಿಗೆ ಅತಿ ಹೆಚ್ಚಾಗಿ ಬರುವ ಮಾತು ‘ಕಂಟ್ರೋಲ್ ಸರಿಯಿಲ್ಲ’ ಎಂಬುದು. ಇದನ್ನು ಓದಿದವರು ವೇಗ ಬದಲಿಸಬೇಕೋ, ಗುರುತ್ವ ಬದಲಿಸಬೇಕೋ, ಕೀಲಿಗಳನ್ನೇ ಬದಲಿಸಬೇಕೋ ತಿಳಿಯದೆ ಕೂರುತ್ತಾರೆ. ಅದರ ಬದಲು, ‘ಎರಡನೆಯ ಲೆವೆಲ್‌ನಲ್ಲಿ ಕಲ್ಲಿನ ತುದಿಗೆ ಬಂದು ಜಿಗಿತದ ಕೀ ಒತ್ತಿದೆ, ಪಾತ್ರ ಜಿಗಿಯದೆ ಕೆಳಗೆ ಬಿತ್ತು, ಮತ್ತೆ ಮತ್ತೆ ಹೀಗೇ ಆಯಿತು’ ಎಂದು ಬರೆದರೆ ಕಾರಣ ತಕ್ಷಣ ಕಣ್ಣಿಗೆ ಬೀಳುತ್ತದೆ. ಆಟಗಾರನ ಬೆರಳು ಕಣ್ಣಿಗಿಂತ ಒಂದು ಚೂರು ತಡವಾಗಿ ಕೆಲಸ ಮಾಡುತ್ತದೆ. ಕೀ ಒತ್ತುವ ಹೊತ್ತಿಗೆ ಪಾತ್ರ ಆಗಲೇ ತುದಿಯನ್ನು ದಾಟಿ ಗಾಳಿಯಲ್ಲಿರುತ್ತದೆ, ನೆಲದ ಮೇಲಿಲ್ಲದ ಪಾತ್ರಕ್ಕೆ ಜಿಗಿಯಲು ಕೋಡ್ ಅನುಮತಿ ಕೊಡುವುದಿಲ್ಲ. ತುದಿ ದಾಟಿದ ಮೇಲೂ ಐದಾರು ಫ್ರೇಮ್‌ಗಳ (ಪರದೆಯ ಚಿತ್ರ ಒಮ್ಮೆ ಬದಲಾಗುವಷ್ಟು ಹೊತ್ತು ಒಂದು ಫ್ರೇಮ್) ತನಕ ಜಿಗಿತಕ್ಕೆ ಅವಕಾಶ ಕೊಡುವ ಉಪಾಯಕ್ಕೆ ಈ ಕಸುಬಿನಲ್ಲಿ ‘ಕೊಯೋಟಿ ಟೈಮ್’ ಎನ್ನುತ್ತಾರೆ. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಆರು ಫ್ರೇಮ್ ಎಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗ. ಕೆಲವೇ ಸಾಲುಗಳ ಕೋಡ್‌ನಲ್ಲಿ ಆಗುವ ಕೆಲಸ. ನಾನು ಆ ಉಪಾಯದ ಹೆಸರನ್ನು ಹೇಳದಿದ್ದರೂ ಬಿದ್ದ ಜಾಗವನ್ನು ಹೇಳಿದರೆ ಸಾಕಾಗುತ್ತದೆ.

ಜಾಮ್ ನಡೆಯುತ್ತಿರುವಾಗಿನ ಪ್ರತಿಕ್ರಿಯೆಗೆ ಗಂಟೆಯ ಲೆಕ್ಕವಿದೆ. ಲೂಡಮ್ ಡಾರೆ ನಮ್ಮ ಲೆಕ್ಕದಲ್ಲಿ ಶನಿವಾರ ಬೆಳಿಗ್ಗೆ ಆರಂಭವಾಗುತ್ತಿತ್ತು, ಏಪ್ರಿಲ್ ಆವೃತ್ತಿಯೆಂದರೆ ನಮ್ಮ ಕಡೆ ಉರಿಬಿಸಿಲು. ಬಳ್ಳಾರಿಯವರು ರೈಲಿಗೆ, ರಾಯಚೂರಿನವರು ಸಿಂಧನೂರು, ಗಂಗಾವತಿ ಮಾರ್ಗದ ಬಸ್ಸಿಗೆ ಬಂದು ಒಂದು ಕೋಣೆಯಲ್ಲಿ ಸೇರುತ್ತೇವೆ, ಕರೆಂಟು ಹೋದರೆ ಯುಪಿಎಸ್ ಇರುವಷ್ಟು ಹೊತ್ತು ಕೆಲಸ. ಮೊದಲ ಸಂಜೆ ಆಟದ ಮೂಲ ಕಲ್ಪನೆಯ ಬಗ್ಗೆ ಏನು ಬೇಕಾದರೂ ಹೇಳಬಹುದು, ಏಕೆಂದರೆ ಕೆಡವಿ ಕಟ್ಟಲು ಇನ್ನೂ ಸಮಯವಿರುತ್ತದೆ. ಎರಡನೆಯ ರಾತ್ರಿಯ ನಂತರ ಆಟಗಾರನಿಗೆ ಅರ್ಥವಾಗದೆ ಸಿಕ್ಕಿಬೀಳುವ ಸಂಗತಿಗಳಿಗೆ ಮಾತ್ರ ಕಿವಿಗೊಡುತ್ತೇವೆ. ಕೊನೆಯ ಗಂಟೆಗಳಲ್ಲಿ ಆಟ ನಿಂತುಹೋಗುವ ಬಗ್‌ಗಳ ಹೊರತು ಬೇರೆ ಮಾತಿಗೆ ಅವಕಾಶವಿಲ್ಲ. ಆ ಹೊತ್ತಿನಲ್ಲಿ ‘ಇನ್ನೊಂದು ಶತ್ರುವನ್ನು ಸೇರಿಸಿದರೆ ಚೆನ್ನಾಗಿರುತ್ತದೆ’ ಎಂಬ ಸಲಹೆ ಎಷ್ಟೇ ಒಳ್ಳೆಯದಾದರೂ ಅಪಾಯಕಾರಿ, ಮತ್ತು ಒಳ್ಳೆಯ ಸಲಹೆಯೇ ಹೆಚ್ಚು ಅಪಾಯಕಾರಿ, ಏಕೆಂದರೆ ಅದನ್ನು ಮಾಡಲು ಮನಸ್ಸಾಗುತ್ತದೆ.

ಬ್ರೌಸರ್‌ನಲ್ಲಿ ಓಡುವ ಬಿಲ್ಡ್ ಅನ್ನು, ಅಂದರೆ ಆಟದ ಆಡಬಹುದಾದ ರೂಪವನ್ನು, ಮಾತ್ರ ಮೊದಲ ದಿನವೇ ಹೊರತೆಗೆದು ಬೇರೆ ಕಂಪ್ಯೂಟರ್‌ಗಳಲ್ಲಿ ಪರೀಕ್ಷಿಸುತ್ತೇವೆ. ಆಟಗಾರ ಒಮ್ಮೆ ಕ್ಲಿಕ್ ಮಾಡುವ ಅಥವಾ ಕೀ ಒತ್ತುವ ತನಕ ಬ್ರೌಸರ್‌ಗಳು ಧ್ವನಿಯನ್ನು ತಡೆಹಿಡಿಯುತ್ತವೆ. ಆದ್ದರಿಂದ ‘ನಿಮ್ಮ ಆಟದಲ್ಲಿ ಸಂಗೀತವೇ ಇಲ್ಲ’ ಎಂಬ ದೂರು ಬಂದರೆ ಮೊದಲ ಪರದೆಯಲ್ಲಿ ಒಂದು ‘ಆರಂಭಿಸಿ’ ಗುಂಡಿ ಇಟ್ಟರೆ ಪರಿಹಾರ ಸಿಗುತ್ತದೆ. ಹಾಗೆಯೇ ಫ್ರಾನ್ಸಿನವರ ಕೀಬೋರ್ಡಿನಲ್ಲಿ ನಮ್ಮ ಡಬ್ಲ್ಯೂ ಇರುವ ಜಾಗದಲ್ಲಿ ಝಡ್, ಎ ಇರುವ ಜಾಗದಲ್ಲಿ ಕ್ಯೂ ಇರುತ್ತದೆ ಎಂಬುದು ಅಲ್ಲಿಯ ಆಟಗಾರರು ಹೇಳದಿದ್ದರೆ ಕೊಪ್ಪಳದಲ್ಲಿ ಕುಳಿತವರಿಗೆ ಹೊಳೆಯುವ ಮಾತಲ್ಲ. ನಾವು ಆಟ ಕಟ್ಟಲು ಬಳಸುವ ಗೋಡೋ ಎಂಬ ತಂತ್ರಾಂಶದಲ್ಲಿ ಅಕ್ಷರದ ಬದಲು ಕೀಲಿಯ ಜಾಗವನ್ನೇ ಆಧರಿಸಿ ಚಲನೆಯನ್ನು ಹೊಂದಿಸುವ ಸೌಲಭ್ಯವಿರುವುದರಿಂದ ಇದು ಸುಲಭವಾಗಿ ಬಗೆಹರಿಯಿತು.

ನನಗೆ ಹೆಚ್ಚು ಕಲಿಸಿದ್ದು ಹುಲಿ-ಕುರಿ ಆಟದ ನಮ್ಮ ರೂಪಾಂತರ. ಕಟ್ಟೆಯ ಮೇಲೆ ಗೆರೆ ಎಳೆದು ಆಡುವ ಈ ಆಟದಲ್ಲಿ ಕುರಿಗಳನ್ನು ಸರದಿಗೆ ಒಂದರಂತೆ ಇಡುತ್ತ ಹೋಗಬೇಕು, ಎಲ್ಲವನ್ನೂ ಇಟ್ಟು ಮುಗಿಸುವ ತನಕ ಅವುಗಳನ್ನು ನಡೆಸುವಂತಿಲ್ಲ. ಹುಲಿ ಪಕ್ಕದ ಕುರಿಯನ್ನು ಹಾರಿ ಆಚೆಯ ಖಾಲಿ ಮನೆಗೆ ಹೋದರೆ ಕುರಿ ಸತ್ತಂತೆ. ಹುಲಿಗಳು ಅಲುಗಾಡದಂತೆ ಕಟ್ಟಿಹಾಕಿದರೆ ಕುರಿಯ ಕಡೆಯವರು ಗೆದ್ದಂತೆ. ಆ ಬಾರಿಯ ಜಾಮ್‌ನ ವಿಷಯಕ್ಕೆ ಹೊಂದಲೆಂದು ಪ್ರತಿ ಸರದಿಗೂ ಗಡಿಯಾರವೊಂದನ್ನು ಸೇರಿಸಿದ್ದೆವು.

ಹೊರದೇಶದ ಆಟಗಾರರಿಂದ ಬಂದ ಮಾತುಗಳು ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದಂತಿದ್ದವು. ಕುರಿಯ ಮೇಲೆ ಕ್ಲಿಕ್ ಮಾಡಿದರೂ ಅದು ಚಲಿಸುವುದಿಲ್ಲ, ಇದು ಬಗ್ ಇರಬೇಕು ಎಂದು ಕೆಲವರು ಬರೆದರು. ಕುರಿಗಳನ್ನು ಆರಂಭದಿಂದಲೇ ನಡೆಸಲು ಬಿಡಿ ಎಂದು ಇನ್ನು ಕೆಲವರು ಸೂಚಿಸಿದರು. ನಿಯಮಗಳನ್ನು ವಿವರಿಸುವ ಒಂದು ಪುಟ ಬೇಕು ಎಂದವರಿದ್ದರು, ಕುರಿಯ ಕಡೆ ಆಡುವುದು ಬೇಸರ ಎಂದವರೂ ಇದ್ದರು. ಇವೆಲ್ಲವನ್ನೂ ಸಲಹೆಗಳೆಂದು ತೆಗೆದುಕೊಂಡು ಜಾರಿ ಮಾಡಿದ್ದರೆ ಹುಲಿ-ಕುರಿ ಆಟವೇ ಉಳಿಯುತ್ತಿರಲಿಲ್ಲ. ಅವರು ಸೂಚಿಸಿದ ಪರಿಹಾರಗಳನ್ನು ಬದಿಗಿಟ್ಟು, ಪ್ರತಿಯೊಬ್ಬರೂ ಯಾವ ಗಳಿಗೆಯಲ್ಲಿ ತೊಡಕಿಗೆ ಸಿಕ್ಕಿದರು ಎಂದು ನೋಡಿದಾಗ ಎಲ್ಲರ ಬೆರಳೂ ಒಂದೇ ಕಡೆ ತೋರುತ್ತಿತ್ತು: ಈಗ ಕುರಿ ಇಡುವ ಹಂತ ನಡೆಯುತ್ತಿದೆ ಎಂಬುದಕ್ಕೆ ಪರದೆಯ ಮೇಲೆ ಯಾವ ಗುರುತೂ ಇರಲಿಲ್ಲ. ಇಡಬೇಕಾಗಿ ಉಳಿದಿರುವ ಕುರಿಗಳನ್ನು ಹಲಗೆಯ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿ, ಸರದಿಗೊಂದರಂತೆ ಆ ಸಾಲು ಕರಗುವಂತೆ ಮಾಡಿ, ಇಟ್ಟ ಕುರಿಯನ್ನು ಯಾರಾದರೂ ಒತ್ತಿದರೆ ಪಕ್ಕದ ಸಾಲು ಮಿನುಗುವಂತೆ ಮಾಡಿದ ಮೇಲೆ ನಿಯಮದ ಪುಟದ ಅಗತ್ಯವೇ ಬೀಳಲಿಲ್ಲ. ಬೇಸರದ ದೂರು ಸಹ ಬಹುಮಟ್ಟಿಗೆ ನಿಂತಿತು.

ಇತ್ತ ನಮ್ಮ ಓಣಿಯ ಹಿರಿಯರೊಬ್ಬರನ್ನು ಕೂರಿಸಿ ಅದೇ ಆಟವನ್ನು ಆಡಿಸಿದೆವು. ಆಡಿಸುವಾಗ ನಾವು ಬಾಯಿ ಬಿಡುವಂತಿಲ್ಲ ಎಂಬುದು ನಮ್ಮ ಕಟ್ಟುನಿಟ್ಟಾದ ನಿಯಮ. ದೂರದೇಶದ ಆಟಗಾರನ ಪಕ್ಕದಲ್ಲಿ ನಾವು ಇರುವುದಿಲ್ಲವಾದ್ದರಿಂದ ಇಲ್ಲಿಯೂ ಇಲ್ಲದವರಂತೆಯೇ ಕೂರಬೇಕು. ಹುಲಿ-ಕುರಿಯನ್ನು ಚಿಕ್ಕಂದಿನಿಂದ ಬಲ್ಲ ಆ ಅಜ್ಜನಿಗೆ ಕುರಿ ಇಡುವ ಹಂತದಲ್ಲಿ ಯಾವ ಗೊಂದಲವೂ ಆಗಲಿಲ್ಲ. ಆದರೆ ಅವರು ಪ್ರತಿ ಸರದಿಗೂ ಮೌಸ್‌ನಿಂದ ಕೈ ತೆಗೆದು, ಗಲ್ಲಕ್ಕೆ ಕೈ ಹಚ್ಚಿ ಯೋಚಿಸುತ್ತಿದ್ದರು, ಅಷ್ಟರಲ್ಲಿ ಗಡಿಯಾರ ಮುಗಿದು ಸರದಿ ಹೋಗುತ್ತಿತ್ತು. ‘ಇದು ವಿಚಾರ ಮಾಡಾಕ ಬಿಡವಲ್ದಲ್ಲೋ ತಮ್ಮ’ ಎಂದರು. ಹೊರದೇಶದವರಲ್ಲಿ ಒಬ್ಬರೂ ಗಡಿಯಾರದ ಬಗ್ಗೆ ದೂರಿರಲಿಲ್ಲ. ಹಲವರು ಅದನ್ನೇ ಮೆಚ್ಚಿದ್ದರು. ಯಾರ ಮಾತನ್ನು ಒಪ್ಪಬೇಕೆಂಬ ಪ್ರಶ್ನೆಗೆ ಮತ ಎಣಿಸಿ ಉತ್ತರ ಹುಡುಕುವುದು ನನಗೆ ಸರಿಕಾಣಲಿಲ್ಲ. ಜಾಮ್‌ಗೆ ಸಲ್ಲಿಸಿದ ಆಟದಲ್ಲಿ ಗಡಿಯಾರ ವಿಷಯದ ಭಾಗವಾಗಿದ್ದರಿಂದ ಅದು ಉಳಿಯಿತು. ಊರಿನವರಿಗಾಗಿ ಆಮೇಲೆ ಮಾಡಿದ ರೂಪದಲ್ಲಿ ಅದನ್ನು ಪೂರ್ತಿ ತೆಗೆದೆವು. ಆಟ ಯಾರಿಗಾಗಿ ಎಂದು ಮೊದಲೇ ನಿಶ್ಚಯಿಸದಿದ್ದರೆ ಬಂದ ಪ್ರತಿಕ್ರಿಯೆಯನ್ನು ತೂಗಲು ತಕ್ಕಡಿಯೇ ಇರುವುದಿಲ್ಲ.

ಗುಂಪಿನೊಳಗಿನ ಮಾತುಕತೆಯ ತೊಡಕು ಬೇರೆಯದು. ನಮ್ಮಲ್ಲಿ ಕಿರಿಯರು ಹಿರಿಯರ ಕೆಲಸವನ್ನು ಎದುರಿಗೇ ಟೀಕಿಸುವುದಿಲ್ಲ. ಸಿಂಧನೂರಿನಿಂದ ಬರುವ ಕಾಲೇಜು ಹುಡುಗನನ್ನು ಕೇಳಿದರೆ ‘ಚೊಲೊ ಐತಣ್ಣ’ ಎನ್ನುವುದಲ್ಲದೆ ಬೇರೆ ಉತ್ತರ ಬರುತ್ತಿರಲಿಲ್ಲ, ಬಳ್ಳಾರಿಯ ಹಿರಿಯ ಗೆಳೆಯರು ಒಂದು ಮಾತು ಹೇಳಿದ ಮೇಲೆ ಉಳಿದವರೆಲ್ಲ ಅದಕ್ಕೇ ತಲೆಯಾಡಿಸುತ್ತಿದ್ದರು. ಈಗ ಆಡಿದ ಕೂಡಲೇ ಎಲ್ಲರೂ ಚೀಟಿಯಲ್ಲಿ ಬರೆಯಬೇಕು, ಬರೆದ ಮೇಲೆ ಎಲ್ಲರಿಗಿಂತ ಕಿರಿಯರು ಮೊದಲು ಓದಬೇಕು, ಹಿರಿಯರು ಕೊನೆಗೆ. ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ರೂಪಿಸಿದ ನಾಲ್ಕು ಹಂತಗಳ ವಿಧಾನದಿಂದ ಒಂದೆರಡು ಅಂಶಗಳನ್ನು ತೆಗೆದುಕೊಂಡಿದ್ದೇವೆ. ಅದರಲ್ಲಿ ಮೊದಲು ನೋಡಿದವರು ತಮಗೆ ಅರ್ಥಪೂರ್ಣವೆನಿಸಿದ್ದನ್ನು ಹೇಳುತ್ತಾರೆ, ಆಮೇಲೆ ಮಾಡಿದವರು ಪ್ರಶ್ನೆ ಕೇಳುತ್ತಾರೆ, ಆಮೇಲೆ ನೋಡಿದವರು ತೀರ್ಪು ಬೆರೆಸದ ಪ್ರಶ್ನೆ ಕೇಳುತ್ತಾರೆ, ಕೊನೆಗೆ ಮಾಡಿದವರ ಒಪ್ಪಿಗೆ ಪಡೆದು ಅಭಿಪ್ರಾಯ ಹೇಳುತ್ತಾರೆ. ಜಾಮ್‌ನ ಅವಸರದಲ್ಲಿ ನಾಲ್ಕನ್ನೂ ನಡೆಸಲು ಸಮಯವಿರುವುದಿಲ್ಲ. ಮಾಡಿದವರೇ ಕೇಳುವ ಪ್ರಶ್ನೆ ಮತ್ತು ತೀರ್ಪಿಲ್ಲದ ಪ್ರಶ್ನೆ ಇವೆರಡನ್ನು ಉಳಿಸಿಕೊಂಡಿದ್ದೇವೆ. ‘ಗಡಿಯಾರ ಯಾಕಿಷ್ಟು ಜೋರು?’ ಎಂಬ ಪ್ರಶ್ನೆಯಲ್ಲಿ ತೀರ್ಪು ಅಡಗಿದೆ. ‘ಗಡಿಯಾರ ಓಡುವಾಗ ಆಟಗಾರ ಏನು ಮಾಡಲೆಂದು ಬಯಸಿದ್ದೀರಿ?’ ಎಂದು ಕೇಳಿದರೆ ಮಾಡಿದವರು ಸಮರ್ಥನೆಗೆ ಇಳಿಯದೆ ಯೋಚನೆಗೆ ಇಳಿಯುತ್ತಾರೆ, ಮತ್ತು ಈ ಪ್ರಶ್ನೆಯನ್ನು ಕಿರಿಯರೂ ಸಂಕೋಚವಿಲ್ಲದೆ ಹಿರಿಯರಿಗೆ ಕೇಳಬಹುದು.

ನನಗೆ ಬಂದ ಪ್ರತಿಕ್ರಿಯೆಗೆ ಉತ್ತರಿಸುವಾಗ ವಿವರಣೆ ಕೊಡುವುದಿಲ್ಲ. ವಿವರಣೆ ಒಬ್ಬರನ್ನು ಮಾತ್ರ ತಲುಪುತ್ತದೆ, ಅದು ಸೇರಬೇಕಾದ ಜಾಗ ಆಟದ ಒಳಗೆ. ಧನ್ಯವಾದ ಹೇಳಿ, ‘ಆ ಹೊತ್ತಿಗೆ ಪರದೆಯ ಮೇಲೆ ಏನನ್ನು ನೋಡುತ್ತಿದ್ದಿರಿ?’ ಎಂಬಂಥ ಒಂದು ಪ್ರಶ್ನೆ ಕೇಳುತ್ತೇನೆ. ಬಂದದ್ದನ್ನೆಲ್ಲ ನೋಟ್‌ಬುಕ್‌ನಲ್ಲಿ ಅವರವರ ಮಾತಿನಲ್ಲೇ ಬರೆದು, ಎದುರಿಗೆ ಅದು ಆಟದ ಯಾವ ಗಳಿಗೆಗೆ ಸೇರಿದ್ದು ಎಂದು ಗುರುತಿಸುತ್ತೇನೆ.

ಅಂಕಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಲೂಡಮ್ ಡಾರೆಯಲ್ಲಿ ಒಟ್ಟಾರೆ, ಮೋಜು, ಹೊಸತನ, ವಿಷಯ, ಚಿತ್ರ, ಧ್ವನಿ, ಹಾಸ್ಯ, ಭಾವ ಎಂದು ಬೇರೆ ಬೇರೆ ಅಂಕಗಳಿದ್ದವು. ನಗಿಸುವ ಉದ್ದೇಶವೇ ಇಲ್ಲದ ಆಟವನ್ನು ಹಾಸ್ಯದ ವಿಭಾಗದಿಂದ ಹೊರಗಿಡುವುದು ಜಾಣತನ. ಎಲ್ಲರೂ ಮೂರು ಕೊಟ್ಟ ಆಟ ಮತ್ತು ಅರ್ಧ ಮಂದಿ ಐದು, ಅರ್ಧ ಮಂದಿ ಒಂದು ಕೊಟ್ಟ ಆಟ ಸರಾಸರಿಯಲ್ಲಿ ಒಂದೇ ಆಗಿ ಕಾಣುತ್ತವೆ. ಮುಂದುವರಿಸಲು ಯೋಗ್ಯವಾದದ್ದು ನನ್ನ ದೃಷ್ಟಿಯಲ್ಲಿ ಎರಡನೆಯದು.

ಮೊದಲ ಆಟ ಮಾಡಿದವರಿಗೆ ಬರೆಯುವಾಗ ಮಾತ್ರ ನನ್ನ ಕ್ರಮವನ್ನು ಸಡಿಲಿಸುತ್ತೇನೆ. ಆದ ತೊಂದರೆಗಳಲ್ಲಿ ಒಂದನ್ನು ಆರಿಸಿ, ಅವರಿಗೆ ಒಂದು ಸಂಜೆಯಲ್ಲಿ ಸರಿಪಡಿಸಲು ಸಾಧ್ಯವಾಗುವಂಥದ್ದನ್ನು ಹೇಳಿ, ಕೆಲಸ ಮಾಡಿದ ಒಂದು ನಿರ್ದಿಷ್ಟ ಅಂಶವನ್ನು ಹೆಸರಿಸುತ್ತೇನೆ. ಇಂಥವರ ಆಟಗಳು ಸಾಮಾನ್ಯವಾಗಿ ಮತ ಬೀಳದೆ ಪಟ್ಟಿಯ ತಳದಲ್ಲಿರುವುದರಿಂದ, ರೇಟಿಂಗ್ ಅವಧಿಯ ಕೊನೆಯ ವಾರದಲ್ಲಿ ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸುತ್ತೇನೆ. ಒಂದು ಸಂಜೆಗೆ ನಾಲ್ಕೈದಕ್ಕಿಂತ ಹೆಚ್ಚು ಆಟ ಆಡಿದರೆ ನನ್ನ ಹಾಳೆಯ ಗುರುತುಗಳು ತೆಳ್ಳಗಾಗಿ ಮತ್ತೆ ತೀರ್ಪುಗಳಾಗತೊಡಗುತ್ತವೆ, ಆದ್ದರಿಂದ ಅಲ್ಲಿಗೆ ನಿಲ್ಲಿಸಿ ಉಳಿದವನ್ನು ಮರುದಿನಕ್ಕೆ ಇಟ್ಟುಕೊಳ್ಳುತ್ತೇನೆ.