ಮಳೆಗಾಲದ ಶೀತಕ್ಕೆ ಅಡುಗೆಮನೆಯಲ್ಲಿ ಏನಿದೆ?

ಉಡುಪಿಯಲ್ಲಿ ಜೂನ್ ಮಳೆ ಹಿಡಿಯಿತು ಅಂದ್ರೆ ಒಣಗದ ಬಟ್ಟೆಯ ಜೊತೆ ಮನೆಯಲ್ಲಿ ಒಬ್ಬರಿಗಾದರೂ ಶೀತ ಇದ್ದೇ ಇರುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಇದು ವೈರಸ್‌ನಿಂದ ಬರುವುದು, ಇದನ್ನು ಓಡಿಸುವ ಮದ್ದು ಅಡುಗೆಮನೆಯಲ್ಲೂ ಇಲ್ಲ, ಮೆಡಿಕಲ್‌ನಲ್ಲೂ ಇಲ್ಲ. ಆಂಟಿಬಯೋಟಿಕ್ ನುಂಗಿದರೂ ದಂಡ. ಸಾಮಾನ್ಯವಾಗಿ 7ರಿಂದ 10 ದಿನದಲ್ಲಿ ತಾನೇ ಹೋಗುತ್ತದೆ, ಅಲ್ಲಿಯವರೆಗೆ ಮೂಗು ಗಂಟಲಿಗೆ ಸ್ವಲ್ಪ ಸುಖ ಬೇಕು, ಅಷ್ಟೇ.

ನಮ್ಮಲ್ಲಿ ಮೊದಲು ಕಷಾಯ. 4 ಚಮಚ ಕೊತ್ತಂಬರಿ, 2 ಚಮಚ ಜೀರಿಗೆ, ಅರ್ಧ ಚಮಚ ಒಳ್ಳೆಮೆಣಸು (ಕಾಳುಮೆಣಸು) ಬೇರೆಬೇರೆಯಾಗಿ ಘಮ್ಮೆನ್ನುವಷ್ಟು ಹುರಿದು ಹುಡಿ ಮಾಡಿ ಡಬ್ಬಿಗೆ ಹಾಕಿಡಿ. ಒಂದು ಲೋಟ ನೀರಿಗೆ 1 ಚಮಚ ಹುಡಿ, ಜಜ್ಜಿದ ಶುಂಠಿ, ಸ್ವಲ್ಪ ಬೆಲ್ಲ ಹಾಕಿ ಚೆನ್ನಾಗಿ ಕುದಿಸಿ ಸೋಸಿದರೆ ಆಯ್ತು. ಶುಗರ್ ಇದ್ದವರು ಬೆಲ್ಲ ಬಿಡಿ. ಒಳ್ಳೆಮೆಣಸು ಜಾಸ್ತಿ ಹಾಕಿದರೆ ಶೀತ ಬೇಗ ಹೋಗುತ್ತದೆ ಅಂತ ನಾನೊಮ್ಮೆ ಸುರಿದಿದ್ದೆ. ಶೀತ ಹೋಗಲಿಲ್ಲ, ಎರಡು ದಿನ ಹೊಟ್ಟೆ ಉರಿಯಿತು.

ಹಿತ್ತಲಲ್ಲಿ ಸಾಂಬ್ರಾಣಿ ಸೊಪ್ಪು, ಅಂದ್ರೆ ದೊಡ್ಡಪತ್ರೆ, ಇದ್ದರೆ ಹತ್ತು ಎಲೆ ಜೀರಿಗೆಯೊಟ್ಟಿಗೆ ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿ ಜೊತೆ ರುಬ್ಬಿ, ಮಜ್ಜಿಗೆ ಸೇರಿಸಿ ತಂಬುಳಿ ಮಾಡಿ. ಶೀತಕ್ಕೆ ಮಜ್ಜಿಗೆಯಾ ಅಂತ ಹಿರಿಯರು ಹುಬ್ಬೇರಿಸಬಹುದು. ಬಾಯಿ ರುಚಿ ಕೆಟ್ಟಾಗ ಬಿಸಿ ಕುಚ್ಚಲಕ್ಕಿ ಗಂಜಿಗೆ ಅದರಷ್ಟು ಚಂದ ಬೇರೆ ಇಲ್ಲ, ನಾನಂತೂ ಬಿಡುವುದಿಲ್ಲ.

ಗಂಟಲು ಕೆರೆತಕ್ಕೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ದಿನಕ್ಕೆ ಮೂರ್ನಾಲ್ಕು ಸಲ ಬಾಯಿ ಮುಕ್ಕಳಿಸಿ. ರಾತ್ರಿ ಕೆಮ್ಮಿಗೆ ಮಲಗುವ ಮೊದಲು ಒಂದು ಚಮಚ ಜೇನು. 1 ವರ್ಷದೊಳಗಿನ ಮಗುವಿಗೆ ಮಾತ್ರ ಜೇನು ನೆಕ್ಕಿಸಲೇಬೇಡಿ, ಅಜ್ಜಿ ಹೇಳಿದರೂ ಬೇಡ. ಹಬೆ ತೆಗೆದುಕೊಂಡರೆ ಮೂಗು ಸ್ವಲ್ಪ ಹೊತ್ತು ಬಿಡುತ್ತದೆ, ಆದರೆ ಕುದಿಯುವ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸಬೇಡಿ, ನೀರು ಚೆಲ್ಲಿದರೆ ಸುಟ್ಟೇ ಹೋಗುತ್ತದೆ.

ಉಸಿರಾಡಲು ಕಷ್ಟವಾದರೆ ಮನೆಮದ್ದು ಬಿಟ್ಟು ಕೂಡಲೇ ಡಾಕ್ಟರ ಹತ್ತಿರ ಹೋಗಿ. ಇನ್ನು ಮಂಗಳೂರು ಕಡೆ ಮಳೆಗಾಲದಲ್ಲಿ ಮಲೇರಿಯಾ, ಡೆಂಗಿ ಎರಡೂ ಇರುತ್ತವೆ, ಗದ್ದೆ ಕೆಸರಿಗೆ ಇಳಿಯುವವರಿಗೆ ಇಲಿಜ್ವರವೂ ಬರಬಹುದು. ನಡುಗುವ ಚಳಿ, ಜೋರು ಜ್ವರ, ಮೈಕೈ ನೋವು ಬಂದರೆ ಶೀತವೇ ಇರಬೇಕು ಅಂತ ಕಷಾಯ ಕುದಿಸುತ್ತಾ ಕೂರಬೇಡಿ, ಅವತ್ತೇ ಹೋಗಿ ರಕ್ತ ಪರೀಕ್ಷೆ ಮಾಡಿಸಿ.