ರೋಲರ್ ಕೋಸ್ಟರ್‌ನಲ್ಲಿ ಕೈ ಎತ್ತಬೇಕಾ? ಎತ್ತಿ, ಆದರೆ ಗುಡ್ಡ ನೋಡಿ ಎತ್ತಿ

ಕೈ ಎತ್ತಬೇಕಾ ಬೇಡವಾ ಅಂತ ಕೇಳಿದರೆ ನನ್ನ ಉತ್ತರ ಇಷ್ಟೇ. ಗುಡ್ಡದ ನೆತ್ತಿಯಲ್ಲಿ ಎತ್ತಿ, ತಗ್ಗಿನಲ್ಲಿ ಇಳಿಸಿ. ತಲೆಕೆಳಗಾಗಿಸುವ ರೈಡ್‌ನಲ್ಲಿ ಹಿಡಿದುಕೊಂಡೇ ಕೂರಿ. ಜಾತ್ರೆ ಮೈದಾನದ ರೈಡ್‌ಗಳಲ್ಲಂತೂ ಯಾವ ಕಾರಣಕ್ಕೂ ಕೈ ಬಿಡಬೇಡಿ.

ನಾನಿರುವುದು ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ಇಲ್ಲಿಂದ ಸುಮಾರು ಎರಡು ಗಂಟೆ ಕಾರಿನಲ್ಲಿ ಹೋದರೆ ಸ್ಯಾಂಡಸ್ಕಿ ಅನ್ನೋ ಊರು. ಅಲ್ಲಿ ಈರಿ ಸರೋವರದೊಳಕ್ಕೆ ಚಾಚಿಕೊಂಡ ನೆಲದ ಮೇಲೆ ಸೀಡರ್ ಪಾಯಿಂಟ್ ಪಾರ್ಕ್ ಇದೆ. 1870ರಲ್ಲಿ ಶುರುವಾದ ಜಾಗ. ಬೇಸಿಗೆಯಲ್ಲಿ ಊರಿಂದ ಯಾರೇ ಬಂದರೂ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಕೆಲಸ ನಮ್ಮನೆಯಲ್ಲಿ ನನ್ನದು. ಕ್ಯೂನಲ್ಲಿ ನಿಂತಾಗ ಎಲ್ಲರೂ ಕೇಳುವುದು ಇದನ್ನೇ. ಹೋದ ಸಲ ನನ್ನ ನಾದಿನಿ ಕೇಳಿದಳು: "ಅತ್ತಿಗೆ, ಕೈ ಮೇಲೆತ್ತಿದಾಗ ಆ ಕಂಬಕ್ಕೆ ಬಡಿಯಲ್ವಾ?"

ಅವಳು ತೋರಿಸಿದ್ದು ಗೇಟ್‌ಕೀಪರ್ ರೈಡಿನ ಎರಡು ಗೋಪುರಗಳನ್ನು. ಪಾರ್ಕಿನ ಮುಂಬಾಗಿಲ ಹತ್ತಿರವೇ ಅವು ನಿಂತಿವೆ. ಒಂದೊಂದರ ನಡುವೆಯೂ ಬೀಗದ ಕಿಂಡಿಯ ಹಾಗೆ ಸಂದು. ಈ ರೈಡ್‌ನಲ್ಲಿ ಸೀಟುಗಳು ಹಳಿಯ ಮೇಲಿರುವುದಿಲ್ಲ, ಹಳಿಯ ಎರಡೂ ಪಕ್ಕ ರೆಕ್ಕೆಯಂತೆ ಹೊರಕ್ಕೆ ಚಾಚಿರುತ್ತವೆ. ಬಂಡಿ ಓರೆಯಾಗಿ ಹೊರಳಿಕೊಂಡು ಆ ಸಂದಿಯಲ್ಲಿ ನುಗ್ಗುತ್ತದೆ. ಕೆಳಗೆ ನಿಂತು ನೋಡುವವರಿಗೆ ಈಗ ತಲೆ ತಾಗಿತು, ಆಗ ಕಾಲು ತಾಗಿತು ಅನ್ನಿಸುತ್ತದೆ. ಹಾಗೆ ಅನ್ನಿಸಲಿ ಅಂತಲೇ ಅದನ್ನು ಕಟ್ಟಿರುವುದು.

ದೊಡ್ಡ ಪಾರ್ಕುಗಳಲ್ಲಿ ರೈಡ್ ವಿನ್ಯಾಸ ಮಾಡುವಾಗ ಬೆಲ್ಟ್ ಹಾಕಿ ಕೂತ ಒಬ್ಬ ಉದ್ದನೆಯ ಮನುಷ್ಯ ಕೈಕಾಲು ಚಾಚಿದರೆ ಎಲ್ಲಿಯವರೆಗೆ ಎಟುಕಬಹುದು ಅಂತ ಲೆಕ್ಕ ಹಾಕುತ್ತಾರೆ. ಅಷ್ಟು ಜಾಗದೊಳಗೆ ಒಂದು ಕಂಬ, ಒಂದು ತೊಲೆ, ಒಂದು ಮರದ ಕೊಂಬೆಯೂ ಬರುವಂತಿಲ್ಲ. ಅಮೆರಿಕದಲ್ಲಿ ಇದಕ್ಕೆ ಎಎಸ್‌ಟಿಎಂ ಸಂಸ್ಥೆಯ ಎಫ್ 2291 ಅನ್ನೋ ಮಾನದಂಡ ಇದೆ. ಹೊಸ ರೈಡ್ ತೆರೆಯುವ ಮುಂಚೆ, ಮನುಷ್ಯನ ಕೈಕಾಲು ಎಟುಕುವಷ್ಟು ಅಗಲದ ಚೌಕಟ್ಟನ್ನು ಬಂಡಿಗೆ ಕಟ್ಟಿ, ಹಳಿಯುದ್ದಕ್ಕೂ ನಿಧಾನವಾಗಿ ಎಳೆದು ನೋಡುತ್ತಾರೆ. ಎಲ್ಲಾದರೂ ತಾಗಿದರೆ ಅಲ್ಲಿ ಬದಲಾವಣೆ ಆಗಲೇಬೇಕು. ಕೆಲವು ರೈಡ್‌ಗಳಲ್ಲಿ "ಇಷ್ಟಕ್ಕಿಂತ ಎತ್ತರ ಇದ್ದವರು ಹತ್ತುವಂತಿಲ್ಲ" ಅಂತ ಬೋರ್ಡ್ ಇರುವುದಕ್ಕೆ ಇದೂ ಒಂದು ಕಾರಣ.

ಹಾಗಂತ ಆ ಲೆಕ್ಕವನ್ನು ಪರೀಕ್ಷೆ ಮಾಡಲು ಹೋಗಬೇಡಿ. ಕೈಯನ್ನು ತಲೆಯ ಮೇಲಕ್ಕೆ ಎತ್ತುವುದು ಬೇರೆ, ಪಕ್ಕಕ್ಕೆ ಚಾಚಿ ಏನನ್ನೋ ಮುಟ್ಟಲು ಹೋಗುವುದು ಬೇರೆ. ಎರಡನೆಯದನ್ನು ಎಂದಿಗೂ ಮಾಡಬಾರದು. ಕೈ ಒಳಗಿರಲಿ, ಹಿಡಿ ಬಿಡಬೇಡಿ ಅಂತ ಬೋರ್ಡಿನಲ್ಲಿ ಬರೆದಿದ್ದರೆ, ಅಥವಾ ರೈಡ್ ನಡೆಸುವ ಹುಡುಗ ಮೈಕಿನಲ್ಲಿ ಹೇಳಿದರೆ, ಅದೇ ಕೊನೇ ಮಾತು. ನಾನು ಇಲ್ಲಿ ಬರೆದದ್ದು ಅದಕ್ಕಿಂತ ದೊಡ್ಡದಲ್ಲ.

ಇನ್ನು, ಕೈ ಎತ್ತುವುದರಿಂದ ಏನು ಸಿಗುತ್ತದೆ? ಇದನ್ನು ತುಂಬಾ ಜನ ಬರೀ ಧೈರ್ಯದ ಪ್ರದರ್ಶನ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಊರಲ್ಲಿ ಸರ್ಕಾರಿ ಬಸ್ಸಿನ ಹಿಂದಿನ ಸೀಟಲ್ಲಿ ಕೂತಾಗ ಡ್ರೈವರ್ ಹಂಪ್ ಹಾರಿಸಿದರೆ ಒಂದು ಕ್ಷಣ ಸೀಟು ಬಿಟ್ಟು ಮೇಲೇಳುತ್ತೀವಲ್ಲ, ಹೊಟ್ಟೆಯೊಳಗೆ ಜುಂ ಅನ್ನುತ್ತದಲ್ಲ, ಕೋಸ್ಟರಿನ ಗುಡ್ಡದ ನೆತ್ತಿಯಲ್ಲಿ ಆಗುವುದೂ ಅದೇ. ಹಳಿ ಕೆಳಕ್ಕೆ ಬಾಗುತ್ತದೆ, ನಿಮ್ಮ ಮೈ ಇನ್ನೂ ಮೇಲಕ್ಕೇ ಹೋಗುತ್ತಿರುತ್ತದೆ. ಸೀಟು ಕೆಳಗೆ ಜಾರಿಹೋಗುತ್ತದೆ. ತೊಡೆಯ ಮೇಲಿನ ಲ್ಯಾಪ್ ಬಾರ್ ನಿಮ್ಮನ್ನು ಹಿಡಿದಿಟ್ಟಿರುತ್ತದೆ. ಕೋಸ್ಟರ್ ಹುಚ್ಚಿರುವವರು ಇದಕ್ಕೆ ಏರ್‌ಟೈಮ್ ಅನ್ನುತ್ತಾರೆ.

ಆ ಹೊತ್ತಿನಲ್ಲಿ ಬಾರನ್ನು ಬಿಗಿಯಾಗಿ ಹಿಡಿದುಕೊಂಡಿದ್ದರೆ ನಿಮ್ಮ ಕೈಗಳೇ ನಿಮ್ಮನ್ನು ಸೀಟಿಗೆ ಒತ್ತುತ್ತವೆ. ಹೆಗಲು, ಕತ್ತು, ಹೊಟ್ಟೆ ಎಲ್ಲಾ ಬಿಗಿ. ತೇಲುವ ಆ ಒಂದೆರಡು ಸೆಕೆಂಡು ಗೊತ್ತೇ ಆಗುವುದಿಲ್ಲ. ಕೈ ಮೇಲಿದ್ದರೆ ಸೊಂಟದಿಂದ ಮೇಲಿನ ಮೈ ಸಡಿಲವಾಗಿ ತೇಲುತ್ತದೆ. ಅದನ್ನು ಅನುಭವಿಸಲಿ ಅಂತಲೇ ನಾನು ಎಲ್ಲರಿಗೂ ಕೈ ಎತ್ತಿ ಅನ್ನುವುದು. ನಿಮ್ಮನ್ನು ಹಿಡಿದಿರುವುದು ಬಾರ್, ನಿಮ್ಮ ಕೈಯಲ್ಲ. ಇದು ತಲೆಗೆ ಇಳಿದರೆ ಅರ್ಧ ಹೆದರಿಕೆ ಅಲ್ಲೇ ಕಡಿಮೆಯಾಗುತ್ತದೆ.

ಹಾಗಾದ್ರೆ ಇಡೀ ರೈಡ್ ಎತ್ತಿಕೊಂಡೇ ಇರಬಾರದಾ? ಇರಬಹುದು, ಆದರೆ ತಗ್ಗಿನಲ್ಲಿ ಕಷ್ಟ. ಇಳಿಜಾರು ಮುಗಿದು ಬಂಡಿ ಮತ್ತೆ ಮೇಲಕ್ಕೆ ತಿರುಗುವ ಜಾಗದಲ್ಲಿ ಮೈಭಾರ ಮೂರು ಪಟ್ಟು, ನಾಲ್ಕು ಪಟ್ಟು ಆಗುತ್ತದೆ. ನಮ್ಮ ಒಂದು ತೋಳಿನ ತೂಕ ಮೈತೂಕದ ಹೆಚ್ಚೂಕಮ್ಮಿ ನೂರಕ್ಕೆ ಐದರಷ್ಟು. 60 ಕಿಲೋ ಇರುವವರಿಗೆ ಅದು 3 ಕಿಲೋ. ನಾಲ್ಕು ಪಟ್ಟು ಅಂದರೆ 12 ಕಿಲೋ. ಒಂದೊಂದು ಕೈಯಲ್ಲೂ ಅಷ್ಟು ಭಾರ ತಲೆಯ ಮೇಲೆ ಎತ್ತಿ ಹಿಡಿಯಬೇಕು. ಹೆಚ್ಚಿನವರ ಕೈ ದೊಪ್ಪನೆ ಕುಸಿಯುತ್ತದೆ. ಬಿದ್ದ ಮೊಣಕೈ ಪಕ್ಕದವರ ಮುಖಕ್ಕೋ ನಿಮ್ಮದೇ ಬಾರಿಗೋ ಬಡಿಯುತ್ತದೆ. ಅದಕ್ಕೇ ಇಳಿಜಾರಿನ ಅರ್ಧಕ್ಕೆ ಬಂದಾಗ ನೀವೇ ಕೈ ಇಳಿಸಿ ತೊಡೆಯ ಮೇಲಿಡಿ. ಮುಂದಿನ ಗುಡ್ಡ ಹತ್ತುವಾಗ ಮತ್ತೆ ಎತ್ತಿ. ಸ್ವಲ್ಪ ಹೊತ್ತಿನಲ್ಲಿ ಇದು ತಾಳ ಹಿಡಿದ ಹಾಗೆ ತಾನಾಗೇ ಬರುತ್ತದೆ.

ಹತ್ತುವ ಮುಂಚೆ ಮೈಮೇಲೆ ಏನೇನಿದೆ ನೋಡಿಕೊಳ್ಳಿ. ನಮ್ಮ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮಾಂಗಲ್ಯದ ಸರ ಹೊರಗಿದ್ದರೆ ಗುಡ್ಡದ ನೆತ್ತಿಯಲ್ಲಿ ಅದು ಎದೆ ಬಿಟ್ಟು ಎದ್ದು ಗಲ್ಲಕ್ಕೆ ಬಡಿಯುತ್ತದೆ, ಕೆಳಗೆ ಬರುವಾಗ ಕೂದಲಿಗೆ ಸಿಕ್ಕಿಕೊಳ್ಳುತ್ತದೆ. ಕುರ್ತಾದ ಒಳಗೆ ಹಾಕಿ, ಮೇಲಿನ ಗುಂಡಿ ಹಾಕಿಕೊಳ್ಳಿ. ಗಾಜಿನ ಬಳೆ ಇದ್ದರೆ ತೆಗೆದು ಲಾಕರ್‌ನಲ್ಲಿಡಿ. ತೆಗೆಯಲು ಮನಸ್ಸಿಲ್ಲ ಅಂದರೆ ಅದೂ ಸರಿಯೇ, ಆದರೆ ಆಗ ಕೈ ಎತ್ತಬೇಡಿ. ದುಪ್ಪಟ್ಟಾ ಬೇಡವೇ ಬೇಡ. ಉಂಗುರ ಸಡಿಲ ಇದ್ದರೆ ತೆಗೆಯಿರಿ. ಸರೋವರದ ತಂಪು ಗಾಳಿಗೆ ಬೆರಳು ಸೊರಗಿ ಉಂಗುರ ಜಾರಬಹುದು. ಕನ್ನಡಕಕ್ಕೆ ಹಿಂದಿನಿಂದ ದಾರ ಇರಲಿ. ಕೈಯಲ್ಲಿ ಫೋನ್ ಹಿಡಿದು ವಿಡಿಯೋ ಮಾಡುವ ಯೋಚನೆಯನ್ನೇ ಬಿಟ್ಟುಬಿಡಿ. ಆ ವೇಗದಲ್ಲಿ ಕೈಜಾರಿದ ಫೋನ್ ಹಿಂದಿನ ಸಾಲಿನವರ ಮುಖಕ್ಕೆ ಕಲ್ಲಿನಂತೆ ಬಂದು ಬಡಿಯುತ್ತದೆ.

ಕೂತ ಮೇಲೆ ಮೊದಲ ಕೆಲಸ, ಕುಂಡಿಯನ್ನು ಸೀಟಿನ ಮೂಲೆಯವರೆಗೆ ಹಿಂದಕ್ಕೆ ಒತ್ತುವುದು. ಮುಂದಕ್ಕೆ ಜಾರಿ ಕೂತರೆ ಬಾರ್ ತೊಡೆಯ ಮೇಲೆ ಕೂರುವ ಬದಲು ಹೊಟ್ಟೆಯ ಮೇಲೆ ಕೂರುತ್ತದೆ, ಗುಡ್ಡದಲ್ಲಿ ನೋವಾಗುತ್ತದೆ. ಬಾರ್ ಇಳಿಸಿದ ಮೇಲೆ ಒಮ್ಮೆ ಮೇಲಕ್ಕೆ ತಳ್ಳಿ ನೋಡಿ. ಅಲ್ಲಾಡಿದರೆ ಕೈ ಎತ್ತಿ ಸಿಬ್ಬಂದಿಯನ್ನು ಕರೆಯಿರಿ, ನಾಚಿಕೆ ಬೇಡ. ಪಾದ ಎರಡೂ ನೆಲಕ್ಕೆ ಊರಿರಲಿ. ತಲೆ ಹಿಂದಿನ ದಿಂಬಿಗೆ ಒರಗಿರಲಿ. ಕೈ ಎತ್ತುವ ವಿದ್ಯೆ ಇರುವುದು ಕೈಯಲ್ಲಲ್ಲ, ಬೆನ್ನು ಮತ್ತು ಪಾದದಲ್ಲಿ. ಕೆಳಗಿನ ಮೈ ಗಟ್ಟಿಯಾಗಿ ಕೂತಿದ್ದರೆ ಮೇಲಿನ ಮೈಯನ್ನು ಧೈರ್ಯವಾಗಿ ಸಡಿಲ ಬಿಡಬಹುದು.

ಕಲಿಯಲು ನಾನು ಎಲ್ಲರನ್ನೂ ಮೊದಲು ಕೂರಿಸುವುದು ಬ್ಲೂ ಸ್ಟ್ರೀಕ್‌ನಲ್ಲಿ. 1964ರ ಮರದ ಕೋಸ್ಟರ್, ಎತ್ತರ 78 ಅಡಿ. ತಲೆಕೆಳಗಾಗುವ ಸುತ್ತು ಇಲ್ಲ, ಸಾಲಾಗಿ ಗುಡ್ಡ, ತಿರುಗಿ ಬರುವಾಗಲೂ ಗುಡ್ಡ. ಮೊದಲ ಸುತ್ತು ಹಿಡಿದುಕೊಂಡೇ ಹೋಗಿ, ಯಾವ ಗುಡ್ಡದಲ್ಲಿ ಏನಾಗುತ್ತದೆ ನೋಡಿಕೊಳ್ಳಿ. ಎರಡನೇ ಸಲ ಕೂತಾಗ ದೊಡ್ಡ ಇಳಿಜಾರಿನಲ್ಲಿ ಹಿಡಿದಿದ್ದು, ಆಮೇಲಿನ ಗುಡ್ಡದಲ್ಲಿ ಬೆರಳು ಬಿಚ್ಚಿ ಕೈಯನ್ನು ಎದೆಯ ಮಟ್ಟಕ್ಕೆ ತನ್ನಿ. ಬಾರಿಗಿಂತ ಒಂದು ಗೇಣು ಮೇಲೆ, ಅಷ್ಟೇ. ನಾದಿನಿ ಅಷ್ಟಕ್ಕೇ ಜೋರಾಗಿ ನಕ್ಕುಬಿಟ್ಟಳು. ಆ ನಗು ಬಂದರೆ ಮುಂದಿನ ಗುಡ್ಡಕ್ಕೆ ಪೂರ್ತಿ ಎತ್ತಬಹುದು. ತೋಳು ಕಿವಿಯ ಪಕ್ಕ, ಮೊಣಕೈ ಚೂರು ಮಡಿಸಿ, ಅಂಗೈ ಮುಂದಕ್ಕೆ. ಕಬ್ಬಿಣದ ಸಲಾಕೆಯಂತೆ ನೆಟ್ಟಗೆ ಚಾಚಿದರೆ ಹೆಗಲಿನ ಕೀಲಿಗೆ ಎಳೆತ ಜಾಸ್ತಿ.

ಮರದ ಕೋಸ್ಟರ್ ಸ್ವಲ್ಪ ಪಕ್ಕಕ್ಕೂ ಅಲುಗಾಡುತ್ತದೆ, ತಿರುವಿನಲ್ಲಿ ಹಿಡಿದುಕೊಳ್ಳಿ. ಕೊನೆಯ ಬ್ರೇಕಿಗೆ ಮುಂಚೆಯೂ ಅಷ್ಟೇ. ಬ್ರೇಕ್ ಹಿಡಿದಾಗ ಮೈ ಮುಂದಕ್ಕೆ ಹೋಗುತ್ತದೆ, ಆಗ ಕೈ ಬಾರಿನ ಮೇಲಿರಬೇಕು.

ಅದಾದ ಮೇಲೆ ಮಿಲೇನಿಯಂ ಫೋರ್ಸ್. 2000ದಲ್ಲಿ ತೆರೆದದ್ದು, ಎತ್ತರ 310 ಅಡಿ, ವೇಗ ಗಂಟೆಗೆ ಸುಮಾರು 150 ಕಿಲೋಮೀಟರ್. ನನ್ನ ಪ್ರಕಾರ ಕೈ ಎತ್ತುವುದಕ್ಕೆಂದೇ ಮಾಡಿಟ್ಟ ರೈಡ್ ಇದ್ದರೆ ಇದೇ. ಹೆಗಲ ಮೇಲೆ ಏನೂ ಇಲ್ಲ, ಬರೀ ಬೆಲ್ಟು ಮತ್ತು ಲ್ಯಾಪ್ ಬಾರ್. ಮೊದಲ ಇಳಿಜಾರು 80 ಡಿಗ್ರಿ. ನೆತ್ತಿಯಲ್ಲಿ ಒಂದು ಕಡೆ ಸರೋವರ ಕಣ್ಣು ಹಾಯುವವರೆಗೂ ಕಾಣುತ್ತದೆ. ಅಲ್ಲಿ ಎತ್ತಿ. ಅರ್ಧ ಇಳಿದಾಗ ಇಳಿಸಿ, ಯಾಕಂದ್ರೆ ಕೆಳಗೆ ಬಂದ ಕೂಡಲೇ ಬಂಡಿ ಪಕ್ಕಕ್ಕೆ ಮಲಗುವಷ್ಟು ಓರೆಯಾದ ತಿರುವು ಬರುತ್ತದೆ, ಕೈ ಸೀಸದಂತೆ ಭಾರ ಆಗುತ್ತದೆ. ಆಮೇಲೆ ಸುರಂಗ. ಸುರಂಗದ ಬಾಯಿ ತೀರಾ ತಗ್ಗು ಅನ್ನಿಸಿ ಎಲ್ಲರೂ ಕೈ ಎಳೆದುಕೊಳ್ಳುತ್ತಾರೆ, ಎಳೆದುಕೊಂಡರೂ ತೊಂದರೆ ಇಲ್ಲ. ಸುರಂಗ ದಾಟಿದ ಮೇಲಿನ ಗುಡ್ಡಕ್ಕೆ ಕೈ ಸಿದ್ಧ ಇರಲಿ, ತೇಲುವ ಸುಖ ಇರುವುದು ಅಲ್ಲಿ. ಅಂಗೈಯನ್ನು ಪೂರ್ತಿ ಅಗಲ ಮಾಡಬೇಡಿ, ಆ ವೇಗದ ಗಾಳಿ ಕೈಯನ್ನು ಹಿಂದಕ್ಕೆ ತಿರುಚುತ್ತದೆ. ಬೇಸಿಗೆಯ ಶುರುವಿನಲ್ಲಿ ಸರೋವರದಿಂದ ಸಣ್ಣ ಹುಳುಗಳು ಮೋಡದಂತೆ ಏಳುತ್ತವೆ. ಆಗ ಬಾಯಿ ಮುಚ್ಚಿಕೊಂಡು ಕೂಗುವುದನ್ನೂ ಕಲಿಯಬೇಕಾಗುತ್ತದೆ.

ಮ್ಯಾಗ್ನಮ್‌ನಲ್ಲಿ ಮಾತ್ರ ನನ್ನ ಸಲಹೆ ಬೇರೆ. 1989ರಲ್ಲಿ ಬಂದಾಗ 200 ಅಡಿ ದಾಟಿದ ಮೊದಲ ಪೂರ್ಣ ಸುತ್ತಿನ (ಅಂದರೆ ಹಳಿ ಸುತ್ತಿಕೊಂಡು ಹೊರಟಲ್ಲಿಗೇ ಬಂದು ಸೇರುವ) ಕೋಸ್ಟರ್ ಇದು. ಹೋಗುವಾಗಿನ ದೊಡ್ಡ ಗುಡ್ಡಗಳಲ್ಲಿ ಎತ್ತಿ. ವಾಪಸ್ ಬರುವಾಗ ಚಿಕ್ಕ ಚಿಕ್ಕ ಚೂಪು ಗುಡ್ಡಗಳಿವೆ, ಅಲ್ಲಿ ತೇಲಿಸುವುದಿಲ್ಲ, ಎತ್ತಿ ಎಸೆಯುತ್ತದೆ. ತೊಡೆ ಬಾರಿಗೆ ಒತ್ತಿ ನೋಯುತ್ತದೆ. ಅಲ್ಲಿ ಬಾರ್ ಹಿಡಿದು ತೊಡೆಯ ಮೇಲಿನ ಭಾರ ಹಂಚಿಕೊಳ್ಳುವುದೇ ಜಾಣತನ.

ಬೆಂಗಳೂರಿನ ಕಡೆಯವರಿಗೆ ಹೇಳುವುದಾದರೆ, ಬಿಡದಿ ಹತ್ತಿರದ ವಂಡರ್‌ಲಾದಲ್ಲಿ ರಿಕಾಯಿಲ್ ಇದೆ. ಬಂಡಿ ಮುಂದಕ್ಕೆ ಹೋಗಿ ತಲೆಕೆಳಗಾಗಿ, ಅದೇ ದಾರಿಯಲ್ಲಿ ಹಿಮ್ಮುಖವಾಗಿ ವಾಪಸ್ ಬರುತ್ತದೆ. ಇಂಥ ರೈಡ್‌ಗಳಲ್ಲಿ ತೇಲುವುದು ಕಡಿಮೆ, ಒತ್ತುವುದೇ ಜಾಸ್ತಿ. ಕೈ ಎತ್ತಿದರೆ ಸಿಗುವ ಲಾಭ ಏನೂ ಇಲ್ಲ. ಹೆಗಲ ಮೇಲಿನ ಹಿಡಿಕೆ ಹಿಡಿದು, ತಲೆಯನ್ನು ಹಿಂದಕ್ಕೆ ಒತ್ತಿ ಕೂರಿ. ಹಿಮ್ಮುಖ ಓಡುವಾಗ ಮುಂದೇನು ಅಂತ ಕಾಣುವುದಿಲ್ಲ, ಕತ್ತು ತಿರುಗಿಸಿ ನೋಡುವ ಆಸೆ ಬೇಡ.

ಜಾತ್ರೆ, ಎಕ್ಸಿಬಿಷನ್ ಮೈದಾನದಲ್ಲಿ ಹಿಂದಕ್ಕೂ ಮುಂದಕ್ಕೂ ತೂಗುವ ಕೊಲಂಬಸ್ ದೋಣಿ, ಸುತ್ತುವ ಕುರ್ಚಿಗಳ ಮಾತು ಪೂರ್ತಿ ಬೇರೆ. ಅವನ್ನು ಇಂದು ಕಟ್ಟಿ ತಿಂಗಳಿಗೆ ಬಿಚ್ಚುತ್ತಾರೆ. ಬಹಳ ಕಡೆ ಮುಂದೆ ಅಡ್ಡ ಇರುವುದು ಒಂದು ಕಂಬಿ ಅಥವಾ ಸರಪಳಿ, ಅದೂ ಇಡೀ ಬೆಂಚಿಗೆ ಸೇರಿ ಒಂದೇ. ದಪ್ಪಗಿರುವವರ ಪಕ್ಕ ಕೂತ ಮಗುವಿನ ಮುಂದೆ ಒಂದು ಮೊಳ ಸಂದು ಉಳಿಯುತ್ತದೆ. ಅಲ್ಲಿ ಮಗುವನ್ನು ಹಿಡಿದಿಟ್ಟಿರುವುದು ಅದರ ಕೈಗಳೇ. ನನ್ನ ಅಣ್ಣನ ಮಕ್ಕಳಿಗೆ ಫೋನಿನಲ್ಲಿ ಪದೇ ಪದೇ ಹೇಳುವುದು ಇದನ್ನೇ: ಅಮೆರಿಕದಲ್ಲಿ ಅತ್ತೆ ಜೊತೆ ಕೈ ಎತ್ತಿದ್ರಿ ಅಂತ ಜಾತ್ರೆಯಲ್ಲಿ ಎತ್ತಬೇಡಿ, ಬಂಗಾರ. ಕಂಬಿ ಸಡಿಲ ಕಂಡರೆ ಹತ್ತಲೇಬೇಡಿ.

ಹೆಗಲು ಒಮ್ಮೆಯಾದರೂ ಜಾರಿದ್ದವರು ಎಲ್ಲಿಯೂ ಕೈ ಎತ್ತುವುದು ಬೇಡ. ಕತ್ತು, ಬೆನ್ನು, ಹೃದಯದ ತೊಂದರೆ ಇರುವವರು, ಬಸುರಿಯರು ರೈಡ್ ಹತ್ತುವುದೇ ಬೇಡ.

ಇನ್ನು ಪಕ್ಕದಲ್ಲಿ ಕೂತವರ ಕೈಯನ್ನು ಎಳೆದು ಎತ್ತಿಸಬೇಡಿ, ಮಕ್ಕಳದ್ದಂತೂ ಬೇಡವೇ ಬೇಡ. ಹೆದರಿದ ಮಗುವಿಗೆ ಆ ಬಾರ್ ಒಂದೇ ಆಸರೆ. "ನಿಂಗೆ ಬೇಕನ್ನಿಸಿದ್ರೆ ಎತ್ತು, ಇಲ್ಲಾಂದ್ರೆ ಹಿಡ್ಕೋ, ನಾನು ಪಕ್ಕದಲ್ಲೇ ಇದ್ದೀನಿ" ಅಂದರೆ ಸಾಕು. ಜಾಸ್ತಿ ತೇಲಬೇಕು ಅನ್ನುವವರು ಕೊನೆಯ ಸಾಲಿಗೆ ಹೋಗಿ. ಮುಂದಿನ ಬಂಡಿಗಳು ಆಗಲೇ ಇಳಿಯುತ್ತಿರುತ್ತವೆ, ಕೊನೆಯ ಸಾಲನ್ನು ಅವು ಗುಡ್ಡದಾಚೆಗೆ ಎಳೆದುಹಾಕುತ್ತವೆ. ಹೊಸಬರಿಗೆ ನಡುವಿನ ಸಾಲು ಸರಿ. ಮೊದಲ ಸಾಲಿನಲ್ಲಿ ನೋಟ ಚೆನ್ನ, ಆದರೆ ಕ್ಯೂ ಉದ್ದ. ಅದಕ್ಕೆ ಬೆಳಿಗ್ಗೆ ಪಾರ್ಕ್ ತೆರೆದ ಕೂಡಲೇ ಹೋಗಿ ನಿಲ್ಲಿ.